ರುಚಿಯನ್ನು ಬಿಡದೆ ತೂಕ ಇಳಿಸುವುದು: ದಂಪತಿಗಳ ಪರಸ್ಪರ ಸಹಕಾರ



ಮಕ್ಕಳು ಎಷ್ಟಿರಬೇಕು, ಒಂದು ಮಗುವಿಗೂ ಇನ್ನೊಂದಕ್ಕೂ ಎಷ್ಟು ವರ್ಷಗಳ ಅಂತರವಿರಬೇಕು ಎಂಬುದನ್ನು ಪತಿಪತ್ನಿಯರಿಬ್ಬರೂ ಕೂಡಿ ನಿರ್ಧರಿಸಬೇಕೆಂದು ಹಿಂದಿನ ಪಾಠಗಳಲ್ಲಿ ತಿಳಿದುಕೊಂಡಿರಿ. ಅದೇ ರೀತಿ ಇಬ್ಬರೂ ಕೂಡಿ ನಿರ್ಧರಿಸಬೇಕಾದ ಇನ್ನೊಂದು ವಿಷಯವುಂಟು. ಅದೇ ಮನೆಯ ಊಟ. ದೇಹದ ತೂಕ ಮಿತಿಮೀರಿದಾಗ ಅದನ್ನು ಇಳಿಸಿಕೊಳ್ಳುವುದು ಒಬ್ಬರಿಂದಲೇ ಆಗುವ ಕೆಲಸವಲ್ಲ. ಏಕೆಂದರೆ ಮನೆಯಲ್ಲಿ ಒಲೆ ಒಂದೇ, ಅಡುಗೆಯೂ ಒಂದೇ.

ಹಳ್ಳಿಯಲ್ಲಿಯೂ ಬೊಜ್ಜೇ?

ಬೊಜ್ಜು ಪಟ್ಟಣದ ಶ್ರೀಮಂತರ ಕಾಯಿಲೆಯೆಂಬ ಭಾವನೆ ಇನ್ನೂ ಅನೇಕರಲ್ಲಿದೆ. ಇದು ಈಗ ನಿಜವಲ್ಲ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 22–23 ಮಂದಿ ಅತಿತೂಕ ಅಥವಾ ಬೊಜ್ಜು ಉಳ್ಳವರಾಗಿದ್ದರು. 2019–21ರ ಸಮೀಕ್ಷೆಯಲ್ಲಿ ಈ ಸಂಖ್ಯೆ ಸುಮಾರು 30ಕ್ಕೆ ಏರಿತು. ಹಳ್ಳಿಗಳೂ ಇದರಿಂದ ಹೊರತಾಗಿಲ್ಲ.

ಕಾರಣಗಳನ್ನು ದೂರ ಹುಡುಕಬೇಕಾಗಿಲ್ಲ. ಬೀಸುವ ಕಲ್ಲಿನ ಕೆಲಸವನ್ನು ಹಿಟ್ಟಿನ ಗಿರಣಿಯೂ, ಒರಳಿನ ಕೆಲಸವನ್ನು ಮಿಕ್ಸಿಯೂ ವಹಿಸಿಕೊಂಡಿವೆ. ಬಾವಿಯಿಂದ ನೀರು ಸೇದುವ ಬದಲು ನಲ್ಲಿ ತಿರುಗಿಸಿದರೆ ಸಾಕು. ಎತ್ತಿನ ಹಿಂದೆ ದಿನವೆಲ್ಲ ನಡೆಯುತ್ತಿದ್ದ ರೈತ ಈಗ ಟ್ರ್ಯಾಕ್ಟರಿನ ಮೇಲೆ ಕುಳಿತಿದ್ದಾನೆ. ಹೊಲಕ್ಕೂ ಬೈಕಿನಲ್ಲಿಯೇ ಹೋಗುತ್ತಾನೆ. ಈ ಅನುಕೂಲಗಳು ಬಂದದ್ದು ಒಳ್ಳೆಯದೇ. ಆದರೆ ದೇಹದ ಶ್ರಮ ಕಡಿಮೆಯಾದರೂ ತಟ್ಟೆಯಲ್ಲಿನ ಮುದ್ದೆಯ ಗಾತ್ರವಾಗಲಿ, ಅನ್ನದ ರಾಶಿಯಾಗಲಿ ಕಡಿಮೆಯಾಗಿಲ್ಲ. ಅದರ ಮೇಲೆ ಎಣ್ಣೆ, ಸಕ್ಕರೆ ಮತ್ತು ಅಂಗಡಿಯ ಕುರುಕಲು ತಿಂಡಿಗಳು ಹೆಚ್ಚಾಗಿವೆ. ವೆಚ್ಚವಾಗದೆ ಉಳಿದ ಶಕ್ತಿಯು ಕೊಬ್ಬಾಗಿ ಶೇಖರವಾಗುತ್ತದೆ. ಇದರಿಂದ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದ್ರೋಗ ಹಾಗೂ ಮಂಡಿನೋವುಗಳಿಗೆ ದಾರಿಯಾಗುತ್ತದೆ.

ಒಂದು ತಪ್ಪು ಕಲ್ಪನೆ

“ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಹೆಂಗಸರು ದಪ್ಪಗಾಗುತ್ತಾರೆ” ಎಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಶಸ್ತ್ರಚಿಕಿತ್ಸೆಯಲ್ಲಿ ಅಂಡನಾಳವನ್ನು ಮಾತ್ರ ಕಟ್ಟಿ ಅಥವಾ ಕತ್ತರಿಸಿ ಮುಚ್ಚಲಾಗುತ್ತದೆ. ಅಂಡಾಶಯವು ಮೊದಲಿನಂತೆಯೇ ಕೆಲಸ ಮಾಡುತ್ತಿರುತ್ತದೆ; ಅದು ಸ್ರವಿಸುವ ಹಾರ್ಮೋನುಗಳಲ್ಲಿ ವ್ಯತ್ಯಾಸವಾಗುವುದಿಲ್ಲ. ಆದುದರಿಂದ ಶಸ್ತ್ರಚಿಕಿತ್ಸೆಯಿಂದ ಬೊಜ್ಜು ಬರುವುದಿಲ್ಲ. ಪುರುಷರು ಮಾಡಿಸಿಕೊಳ್ಳುವ ವ್ಯಾಸೆಕ್ಟಮಿಗೂ ಇದೇ ಮಾತು ಅನ್ವಯಿಸುತ್ತದೆ. ಕೊನೆಯ ಹೆರಿಗೆಯ ಬಾಣಂತನದಲ್ಲಿ ತುಪ್ಪ, ಕೊಬ್ಬರಿ, ಬೆಲ್ಲಗಳನ್ನು ಯಥೇಚ್ಛವಾಗಿ ಕೊಟ್ಟು ಓಡಾಟವನ್ನು ಕಡಿಮೆ ಮಾಡಿಸಲಾಗುತ್ತದೆ. ಶಸ್ತ್ರಚಿಕಿತ್ಸೆಯೂ ಬಹುಮಟ್ಟಿಗೆ ಅದೇ ಕಾಲದಲ್ಲಿ ನಡೆಯುವುದರಿಂದ ತಪ್ಪು ಅದರ ಮೇಲೆ ಬೀಳುತ್ತದೆ. ಇಂಥ ಮಾತಿಗೆ ಹೆದರಿ ಕುಟುಂಬ ಯೋಜನೆಯನ್ನು ಮುಂದೂಡಬಾರದು.

ತಮ್ಮ ತೂಕ ಹೆಚ್ಚಾಗಿದೆಯೇ?

ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಬೇಕು. ಉದಾಹರಣೆಗೆ, 155 ಸೆಂ.ಮೀ. ಎತ್ತರವಿರುವ ಗೃಹಿಣಿಯೊಬ್ಬರ ತೂಕ 65 ಕಿಲೋ ಎಂದಿಟ್ಟುಕೊಳ್ಳೋಣ. 65ನ್ನು 1.55ರಿಂದ ಎರಡು ಸಲ ಭಾಗಿಸಿದರೆ ಸುಮಾರು 27 ಬರುತ್ತದೆ. ಭಾರತೀಯರಿಗೆ ಈ ಅಂಕಿಯು 18.5ರಿಂದ 22.9ರವರೆಗೆ ಇರುವುದು ಆರೋಗ್ಯಕರ. 23ನ್ನು ಮುಟ್ಟಿದರೆ ಎಚ್ಚರ ವಹಿಸಬೇಕು. 25 ಅಥವಾ ಅದಕ್ಕಿಂತ ಹೆಚ್ಚಾದರೆ ಬೊಜ್ಜೆಂದು ಪರಿಗಣಿಸಬೇಕು. ಸೊಂಟದ ಸುತ್ತಳತೆಯು ಪುರುಷರಲ್ಲಿ 90 ಸೆಂ.ಮೀ., ಸ್ತ್ರೀಯರಲ್ಲಿ 80 ಸೆಂ.ಮೀ. ಮೀರಬಾರದು. ಈ ಅಳತೆಗಳನ್ನು ಆಶಾ ಕಾರ್ಯಕರ್ತೆಯರಿಂದ ಅಥವಾ ಸಮೀಪದ ಆರೋಗ್ಯ ಉಪಕೇಂದ್ರದಲ್ಲಿ ಮಾಡಿಸಿಕೊಳ್ಳಬಹುದು. 30 ವರ್ಷ ದಾಟಿದವರು ರಕ್ತದ ಒತ್ತಡವನ್ನೂ ಸಕ್ಕರೆಯ ಅಂಶವನ್ನೂ ಪರೀಕ್ಷಿಸಿಕೊಳ್ಳತಕ್ಕದ್ದು.

ಮೇಲಿನ ಉದಾಹರಣೆಯ ಗೃಹಿಣಿಯು ಒಮ್ಮೆಲೇ ಹತ್ತು ಕಿಲೋ ಇಳಿಸಬೇಕಾಗಿಲ್ಲ. ಮೂರು ನಾಲ್ಕು ಕಿಲೋ ಇಳಿಸಿ, ಮತ್ತೆ ಏರದಂತೆ ನೋಡಿಕೊಂಡರೂ ಆರೋಗ್ಯಕ್ಕೆ ಸಾಕಷ್ಟು ಲಾಭವುಂಟು. ತಿಂಗಳಿಗೆ ಒಂದರಿಂದ ಎರಡು ಕಿಲೋ ಇಳಿದರೆ ಸಾಕು.

ಒಬ್ಬರೇ ಪ್ರಯತ್ನಿಸಿದರೆ ಏನಾಗುತ್ತದೆ?

ತೂಕ ಇಳಿಸಬೇಕೆಂದು ವೈದ್ಯರು ಹೇಳಿದಾಗ ಅನೇಕ ಗೃಹಿಣಿಯರು ಮನೆಯವರಿಗೆಲ್ಲ ಎಂದಿನಂತೆ ಅಡುಗೆ ಮಾಡಿ ಬಡಿಸಿ, ತಾವು ಮಾತ್ರ ಉಪವಾಸವಿರುತ್ತಾರೆ. ಸಂಜೆಯ ವೇಳೆಗೆ ಹಸಿವು ತಡೆಯಲಾಗದೆ ಕೈಗೆ ಸಿಕ್ಕಿದ್ದನ್ನು ತಿನ್ನುತ್ತಾರೆ. ರಾತ್ರಿ ಎಲ್ಲರ ಊಟವಾದ ಮೇಲೆ ಪಾತ್ರೆಯಲ್ಲಿ ಉಳಿದ ಅನ್ನವನ್ನು ಚೆಲ್ಲಲು ಮನಸ್ಸಾಗದೆ ಅದನ್ನೂ ಉಣ್ಣುತ್ತಾರೆ. ಪಲ್ಯ, ಕಾಳುಗಳೆಲ್ಲ ಅಷ್ಟರಲ್ಲಿ ಮುಗಿದಿರುತ್ತವೆ. ಹೀಗಾಗಿ ತೂಕವೂ ಇಳಿಯುವುದಿಲ್ಲ, ರಕ್ತಹೀನತೆಯೂ ಹೋಗುವುದಿಲ್ಲ. ಮೈಯಲ್ಲಿ ಕೊಬ್ಬು ಹೆಚ್ಚಾಗಿರುವವರಲ್ಲಿಯೂ ರಕ್ತಹೀನತೆ ಇರಬಹುದೆಂಬುದನ್ನು ಮರೆಯಬಾರದು.

ಪತಿಗೆ ವೈದ್ಯರು ಸಲಹೆ ನೀಡಿದಾಗಲೂ ಕಷ್ಟವುಂಟು. ಪತ್ನಿ ಎಣ್ಣೆ, ಉಪ್ಪು ಕಡಿಮೆ ಮಾಡಿದರೆ “ಸಾರು ಸಪ್ಪೆ” ಎಂದು ಆತ ತಟ್ಟೆಯನ್ನು ಸರಿಸುತ್ತಾನೆ. ಸಂತೆಯ ದಿನ ಸ್ನೇಹಿತರೊಡನೆ ಬೋಂಡ, ಬಜ್ಜಿಗಳನ್ನು ತಿಂದು ಬಂದದ್ದನ್ನು ಮನೆಯಲ್ಲಿ ಹೇಳುವುದಿಲ್ಲ. ಇವೆರಡಕ್ಕೂ ಮದ್ದು ಒಂದೇ: ಇಬ್ಬರೂ ಒಟ್ಟಿಗೆ ಕುಳಿತು ಉಣ್ಣುವುದು. ಒಟ್ಟಿಗೆ ಉಣ್ಣುವಾಗ ಪತ್ನಿಯ ಪಾಲಿಗೂ ಪಲ್ಯ, ಕಾಳು ಸಿಗುತ್ತವೆ. ಯಾರ ತಟ್ಟೆಯಲ್ಲಿ ಏನು ಕಡಿಮೆ, ಏನು ಹೆಚ್ಚು ಎಂಬುದು ಇಬ್ಬರಿಗೂ ಕಾಣುತ್ತದೆ.

ರುಚಿಯನ್ನು ಬಿಡಬೇಕಾಗಿಲ್ಲ

ಪಥ್ಯವೆಂದರೆ ಬಾಯಿ ಕಟ್ಟುವುದೆಂದು ತಿಳಿಯಬಾರದು. ರುಚಿಯಿಲ್ಲದ ಊಟವನ್ನು ಯಾರೂ ಬಹುಕಾಲ ಮುಂದುವರಿಸಲಾರರು. ಕೆಳಗಿನ ಕ್ರಮಗಳನ್ನು ಪಾಲಿಸಿದರೆ ರುಚಿಯೂ ಉಳಿಯುತ್ತದೆ, ತೂಕವೂ ಇಳಿಯುತ್ತದೆ.

1. ತಟ್ಟೆಯ ಅರ್ಧಭಾಗದಲ್ಲಿ ಸೊಪ್ಪು, ತರಕಾರಿ, ಕೋಸಂಬರಿಗಳಿರಲಿ. ಕಾಲುಭಾಗದಲ್ಲಿ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು ಇರಲಿ. ಉಳಿದ ಕಾಲುಭಾಗದಲ್ಲಿ ಮುದ್ದೆ, ರೊಟ್ಟಿ ಅಥವಾ ಅನ್ನವಿರಲಿ. ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳಿನ ಸಾರು, ಹೆಸರುಕಾಳಿನ ಉಸಲಿ ಇವೆಲ್ಲ ನಮ್ಮ ಹಿರಿಯರು ರೂಢಿಸಿಕೊಟ್ಟ ಉತ್ತಮ ಆಹಾರಗಳೇ.

2. ರಾಗಿಯಲ್ಲಿ ನಾರಿನಂಶವೂ ಸುಣ್ಣದಂಶವೂ ಅಧಿಕವಾಗಿವೆ. ಆದರೆ ರಾಗಿ ತಿಂದ ಮಾತ್ರಕ್ಕೆ ತೂಕ ಇಳಿಯದು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿಗಳಿದ್ದರೆ ಅಷ್ಟೇ ರಾಗಿಯಲ್ಲಿ ಸುಮಾರು 320 ಇರುತ್ತವೆ. ಆದುದರಿಂದ ಮುದ್ದೆಯನ್ನು ಬಿಡದೆ ಅದರ ಗಾತ್ರವನ್ನು ಕಿರಿದು ಮಾಡಬೇಕು.

3. ಒಂದು ಟೀ ಚಮಚ ಎಣ್ಣೆಯಲ್ಲಿ ಸುಮಾರು 45 ಕ್ಯಾಲೊರಿಗಳಿರುತ್ತವೆ. ಒಬ್ಬರಿಗೆ ದಿನಕ್ಕೆ ಐದು ಟೀ ಚಮಚ, ಅಂದರೆ ಸುಮಾರು 25 ಗ್ರಾಂ ಎಣ್ಣೆ ಸಾಕು. ನಾಲ್ವರು ವಯಸ್ಕರಿರುವ ಮನೆಗೆ ತಿಂಗಳಿಗೆ ಸುಮಾರು ಮೂರು ಕಿಲೋ ಆಯಿತು. ಡಬ್ಬಿಯಿಂದ ನೇರವಾಗಿ ಸುರಿಯದೆ ಚಮಚದಿಂದ ಅಳೆದು ಹಾಕಬೇಕು. ಕರಿಬೇವು, ಬೆಳ್ಳುಳ್ಳಿ, ಇಂಗು ಇವುಗಳ ಒಗ್ಗರಣೆಗೆ ಒಂದೆರಡು ಚಮಚ ಎಣ್ಣೆಯಾದರೂ ಘಮ ಕಡಿಮೆಯಾಗದು. ನಿಂಬೆರಸ, ಕೊತ್ತಂಬರಿ ಸೊಪ್ಪುಗಳು ಉಪ್ಪಿನ ಕೊರತೆಯನ್ನೂ ತುಂಬುತ್ತವೆ.

4. ದಿನಕ್ಕೆ ನಾಲ್ಕು ಲೋಟ ಚಹಾ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ ಸಕ್ಕರೆಯಾಯಿತು. ಒಂದೊಂದು ಚಮಚ ಕಡಿಮೆ ಮಾಡಿದರೆ ತಿಂಗಳಿಗೆ ಒಬ್ಬರಿಂದಲೇ 600 ಗ್ರಾಂ ಸಕ್ಕರೆ ಉಳಿಯುತ್ತದೆ. ಇಬ್ಬರೂ ಒಂದೇ ದಿನದಿಂದ ಆರಂಭಿಸಿದರೆ ಎರಡು ಬಗೆಯ ಚಹಾ ಕಾಯಿಸುವ ತೊಂದರೆಯಿಲ್ಲ. ಬೆಲ್ಲವೂ ಈ ವಿಷಯದಲ್ಲಿ ಸಕ್ಕರೆಗೆ ಸಮಾನವೇ.

5. ಯುಗಾದಿಯ ಹೋಳಿಗೆಯನ್ನು ಬಿಡಬೇಕೆಂದು ಯಾವ ವೈದ್ಯರೂ ಹೇಳುವುದಿಲ್ಲ. ಹಬ್ಬದ ದಿನ ಒಂದನ್ನು ನಿಧಾನವಾಗಿ, ಸಂತೋಷದಿಂದ ಸವಿಯಬೇಕು. ತೊಂದರೆಯಾಗುವುದು ಹಬ್ಬದ ಹೋಳಿಗೆಯಿಂದಲ್ಲ, ಮುಂದಿನ ನಾಲ್ಕು ದಿನ ತಿನ್ನುವ ಹೋಳಿಗೆಯಿಂದ. ಆದುದರಿಂದ ಎಷ್ಟು ಬೇಕೋ ಅಷ್ಟೇ ಮಾಡಬೇಕು. ಮಿಕ್ಕರೆ ನೆರೆಹೊರೆಯವರಿಗೆ ಹಂಚಬೇಕು. ಎಣ್ಣೆಗಾಯಿಯಂಥ ಅಡುಗೆಗಳಿಗೂ ವಾರದಲ್ಲೊಂದು ದಿನ ಗೊತ್ತುಮಾಡಿಕೊಳ್ಳಬಹುದು.

6. ಮದ್ಯಪಾನವು ಇತರ ಕೇಡುಗಳ ಜೊತೆಗೆ ತೂಕವನ್ನೂ ಹೆಚ್ಚಿಸುತ್ತದೆಂಬುದನ್ನು ಪುರುಷರು ಗಮನದಲ್ಲಿಡಬೇಕು.

ಒಬ್ಬರಿಗೊಬ್ಬರು ನೆರವಾಗುವ ಬಗೆ

ಮೊದಲನೆಯದಾಗಿ, ಹಾಸ್ಯಕ್ಕಾದರೂ ಒಬ್ಬರ ಮೈಕಟ್ಟನ್ನು ಇನ್ನೊಬ್ಬರು ಹೀಯಾಳಿಸಬಾರದು. ಮಕ್ಕಳ ಮುಂದೆ, ನೆಂಟರ ಮುಂದೆ ಆಡಿದ ಇಂಥ ಮಾತು ಮನಸ್ಸಿಗೆ ನಾಟುತ್ತದೆ. ನೊಂದವರು ಮರೆಯಲ್ಲಿ ಇನ್ನಷ್ಟು ತಿನ್ನಲೂಬಹುದು.

ಎರಡನೆಯದಾಗಿ, ತಲಾ ಒಂದೊಂದು ಸಣ್ಣ ನಿಯಮವನ್ನು ಮಾಡಿಕೊಳ್ಳಬೇಕು. “ನಾನು ಸಂತೆಯಲ್ಲಿ ಬೋಂಡದ ಬದಲು ಬಾಳೆಹಣ್ಣು ತಿನ್ನುತ್ತೇನೆ” ಎಂದು ಪತಿಯೂ, “ನಾನು ಮಿಕ್ಕಿದ್ದನ್ನು ಉಣ್ಣದೆ ನಿಮ್ಮೊಡನೆಯೇ ಊಟಕ್ಕೆ ಕೂರುತ್ತೇನೆ” ಎಂದು ಪತ್ನಿಯೂ ಒಪ್ಪಿಕೊಳ್ಳಬಹುದು. ಒಂದು ದಿನ ನಿಯಮ ತಪ್ಪಿದರೆ ಗದರಿಸದೆ ಮರುದಿನ ಮುಂದುವರಿಸಲು ಧೈರ್ಯ ಹೇಳಬೇಕು.

ಮೂರನೆಯದಾಗಿ, ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನವಾದರೂ ಚುರುಕಾಗಿ ನಡೆಯಬೇಕು. ಗಂಡ ಹೆಂಡತಿ ಸುಮ್ಮನೆ ಜೊತೆಯಾಗಿ ನಡೆದರೆ ಊರವರು ಏನೆನ್ನುವರೋ ಎಂಬ ಸಂಕೋಚ ಕೆಲವರಿಗುಂಟು. ಅಂಥವರು ಡೇರಿಗೆ ಹಾಲು ಹಾಕಲೋ ಹೊಲ ನೋಡಿ ಬರಲೋ ಬೈಕನ್ನು ಬಿಟ್ಟು ಒಟ್ಟಿಗೆ ನಡೆದುಹೋಗಬಹುದು. ಪತ್ನಿಗೆ ಈ ಅರ್ಧ ಗಂಟೆ ಬಿಡುವಾಗಬೇಕಾದರೆ ಮನೆಗೆಲಸದಲ್ಲಿ ಪತಿಯೂ ಕೈಜೋಡಿಸಬೇಕಾಗುತ್ತದೆ.

ನಾಲ್ಕನೆಯದಾಗಿ, ಮನೆಯ ಹಿರಿಯರ ಒಪ್ಪಿಗೆಯನ್ನು ಪಡೆಯಬೇಕು. ಅತ್ತೆಯವರಿಗೆ ಸೊಸೆ ಒಬ್ಬಳೇ ವಿವರಿಸಲು ಹೋದರೆ ಅಡುಗೆಯ ಜುಗ್ಗತನವೆಂದು ತೋರಬಹುದು. “ಅವ್ವ, ಡಾಕ್ಟರು ನಮ್ಮಿಬ್ಬರಿಗೂ ಹೇಳಿದ್ದಾರೆ” ಎಂದು ಮಗನೇ ತಿಳಿಸಿದರೆ ಮಾತು ಸುಲಭವಾಗಿ ನಡೆಯುತ್ತದೆ.

ಐದನೆಯದಾಗಿ, ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ಇಬ್ಬರೂ ತೂಕ ನೋಡಿಕೊಂಡು ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಸ್ತ್ರೀಶಕ್ತಿ ಸಂಘದ ಸಭೆಗಳಲ್ಲಿಯೂ ಈ ವಿಷಯವನ್ನು ಚರ್ಚಿಸಬಹುದು. ನಾಲ್ಕು ಮನೆಯವರು ಕೂಡಿ ಆರಂಭಿಸಿದ ಅಭ್ಯಾಸ ಬೇಗ ಬಿಟ್ಟುಹೋಗುವುದಿಲ್ಲ.

ಎಚ್ಚರಿಕೆಗಳು

ಗರ್ಭಿಣಿಯರು ತೂಕ ಇಳಿಸಲು ಪ್ರಯತ್ನಿಸಕೂಡದು. ಹಾಲೂಡಿಸುವ ತಾಯಂದಿರು ಉಪವಾಸ ಮಾಡಬಾರದು. ವೈದ್ಯರ ಸಲಹೆಯಂತೆ ಎಣ್ಣೆ, ಸಿಹಿಗಳನ್ನು ಮಾತ್ರ ಮಿತಗೊಳಿಸಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಊಟವನ್ನು ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಇಳಿಯಬಹುದು. ಪ್ರಯತ್ನವಿಲ್ಲದೆ ತಾನಾಗಿಯೇ ತೂಕ ಇಳಿಯುತ್ತಿದ್ದರೆ ಅದು ಕ್ಷಯ, ಸಕ್ಕರೆ ಕಾಯಿಲೆ ಮುಂತಾದವುಗಳ ಸೂಚನೆಯಿರಬಹುದು. ಕೂಡಲೇ ಪರೀಕ್ಷೆ ಮಾಡಿಸಬೇಕು. ವಾರದಲ್ಲಿ ಹತ್ತು ಕಿಲೋ ಇಳಿಸುತ್ತೇವೆಂಬ ಜಾಹೀರಾತಿನ ಪುಡಿ, ಮಾತ್ರೆಗಳಿಗೆ ಮರುಳಾಗಿ ಹಣವನ್ನೂ ಆರೋಗ್ಯವನ್ನೂ ಕಳೆದುಕೊಳ್ಳಬಾರದು.

ದಂಪತಿಗಳು ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಎಣ್ಣೆ, ಎಷ್ಟು ಸಕ್ಕರೆ ಖರ್ಚಾಗುತ್ತದೆ?
2. ನಾವಿಬ್ಬರೂ ದಿನದಲ್ಲಿ ಒಂದು ಹೊತ್ತಾದರೂ ಒಟ್ಟಿಗೆ ಕುಳಿತು ಉಣ್ಣುತ್ತೇವೆಯೇ? ಇಲ್ಲವಾದರೆ ಕಾರಣವೇನು?
3. ನನ್ನ ಯಾವ ಮಾತು ಅಥವಾ ಅಭ್ಯಾಸದಿಂದ ಇನ್ನೊಬ್ಬರ ಪ್ರಯತ್ನಕ್ಕೆ ಅಡ್ಡಿಯಾಗುತ್ತಿದೆ?
4. ಮುಂದಿನ ಒಂದು ತಿಂಗಳಿಗೆ ನಮ್ಮ ಒಂದೊಂದು ನಿಯಮ ಯಾವುದು?

ಈ ಪ್ರಶ್ನೆಗಳಿಗೆ ಇಂದು ರಾತ್ರಿಯ ಊಟದ ಹೊತ್ತಿನಲ್ಲಿಯೇ ಉತ್ತರ ಕಂಡುಕೊಳ್ಳಿರಿ. ಹೆಚ್ಚಿನ ಸಲಹೆ ಬೇಕಾದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಜೊತೆಯಾಗಿ ಬನ್ನಿರಿ.