ವಿಮಾನ ಒಂದು ಗಂಟೆ, ಪ್ರಯಾಣ ಎಷ್ಟು ಗಂಟೆ?

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಸೋಗಾನೆಗೆ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. ಮಂಗಳೂರಿನ ಬಜಪೆಗೆ 305, ಹುಬ್ಬಳ್ಳಿಗೆ 370. ಟಿಕೆಟ್‌ ಮೇಲೆ ಮಾತ್ರ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಗಂಟೆ. ಟಿಕೆಟ್‌ ತೋರಿಸುವುದು ಬರೀ ಹಾರಾಟದ ಅವಧಿಯನ್ನಲ್ಲ. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಆಚೆ ಊರಲ್ಲಿ ನಿಲ್ಲುವವರೆಗಿನ ಹೊತ್ತು, ರನ್‌ವೇಗೆ ಉರುಳುವುದೂ ಸೇರಿ. ಪಶ್ಚಿಮ ಬೆಂಗಳೂರಿನವರು ಲೆಕ್ಕ ಶುರು ಮಾಡಬೇಕಾದ್ದು ಮನೆ ಬಾಗಿಲಿನಿಂದ.

ಮೊದಲು ನಿಲ್ದಾಣದ ದಾರಿ. ರಾಜಾಜಿನಗರದಿಂದ 35 ಕಿ.ಮೀ. ಆಸುಪಾಸು, ಕೆಂಗೇರಿಯಿಂದ 50ರ ಹತ್ತಿರ. ಕಿಲೋಮೀಟರಿಗಿಂತ ಮುಖ್ಯವಾದದ್ದು ಹೆಬ್ಬಾಳ ದಾಟುವ ಹೊತ್ತು. ಬೆಳಗಿನ ಐದಕ್ಕೆ ವಿಜಯನಗರ ಬಿಟ್ಟರೆ ಗಂಟೆಯೊಳಗೆ ಸೇರಬಹುದು. ಎಂಟೂವರೆಗೆ ಹೊರಟರೆ ನವರಂಗ್, ಯಶವಂತಪುರ, ಮೇಖ್ರಿ ವೃತ್ತ ದಾಟುವಷ್ಟರಲ್ಲೇ ಆ ಗಂಟೆ ಮುಗಿದಿರುತ್ತದೆ. ಫೋನಿನ ಮ್ಯಾಪ್‌ನಲ್ಲಿ ಈಗಿನ ಸಮಯ ನೋಡಬೇಡಿ, ಹೊರಡುವ ವಾರ ಮತ್ತು ಗಂಟೆ ಹಾಕಿ ನೋಡಿ.

ವೆಬ್ ಚೆಕ್‌ಇನ್ ಮಾಡಿದ್ದರೂ ಒಂದೂವರೆ ಗಂಟೆ ಮುಂಚೆ ತಲುಪಿ. ಟರ್ಮಿನಲ್ 1 ಅಥವಾ 2 ಎಂಬುದನ್ನು ಟಿಕೆಟ್‌ನಲ್ಲಿ ಖಚಿತಪಡಿಸಿಕೊಳ್ಳಿ. ಇಳಿದ ಮೇಲೆ ಊರೊಳಗೆ ಹೋಗಲು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ದಟ್ಟಣೆಯ ಹೊತ್ತಿನಲ್ಲಿ ಎಲ್ಲ ಕೂಡಿದರೆ ಸುಮಾರು ಐದು ಗಂಟೆ.

ಇನ್ನು ರೈಲಿನೊಂದಿಗೆ ಹೋಲಿಸಿ. ಶಿವಮೊಗ್ಗಕ್ಕೆ ಸಂಜೆಯ ಜನಶತಾಬ್ದಿ ತೆಗೆದುಕೊಳ್ಳುವುದು ಸುಮಾರು ನಾಲ್ಕೂವರೆ ಗಂಟೆ. ವಿಜಯನಗರದಿಂದ ಮೆಟ್ರೊ ಹತ್ತಿದರೆ ಹೊಸಹಳ್ಳಿ, ಮಾಗಡಿ ರಸ್ತೆ, ಮೂರನೆಯದೇ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ. ಮೆಜೆಸ್ಟಿಕ್‌ವರೆಗೆ ಹೋಗುವುದೇ ಬೇಡ. ರಾಜಾಜಿನಗರದವರಿಗೆ ಹಸಿರು ಮಾರ್ಗದಲ್ಲಿ ಮಹಾಲಕ್ಷ್ಮಿ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಆದಮೇಲೆ ಯಶವಂತಪುರ, ಅಲ್ಲೇ ರೈಲು ಹತ್ತಬಹುದು. ಸೋಗಾನೆಗೆ 2023ರ ಆಗಸ್ಟ್ 31ರಿಂದ ವಿಮಾನ ಹಾರುತ್ತಿದೆ, ಮಲೆನಾಡಿಗೆ ಅದು ದೊಡ್ಡ ಅನುಕೂಲ. ಆದರೂ ನಮ್ಮ ಭಾಗದವರಿಗೆ ಶಿವಮೊಗ್ಗಕ್ಕೆ ರೈಲೇ ಸೈ.

ಹುಬ್ಬಳ್ಳಿಗೆ ಬೆಳ್ಳಂಬೆಳಗ್ಗೆ ಹೊರಡುವ ವಂದೇ ಭಾರತ್ ಐದು ಗಂಟೆಯ ಆಸುಪಾಸಿನಲ್ಲಿ ಸೇರಿಸುತ್ತದೆ. ಅಷ್ಟು ಮುಂಜಾನೆ ಮೆಟ್ರೊ ನೆಚ್ಚಿಕೊಳ್ಳದೆ ಹಿಂದಿನ ರಾತ್ರಿಯೇ ಆಟೊ ಮಾತಾಡಿಟ್ಟುಕೊಳ್ಳಿ. ಇಲ್ಲಿ ವಿಮಾನಕ್ಕೂ ರೈಲಿಗೂ ಸಮಬಲ. ದರ ನೋಡಿ ತೀರ್ಮಾನಿಸಿ.

ಮಂಗಳೂರಿನ ಮಾತೇ ಬೇರೆ. ರಸ್ತೆಯಲ್ಲಿ 350 ಕಿ.ಮೀ., ನಡುವೆ ಶಿರಾಡಿ ಘಾಟಿ. ರೈಲೂ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯನ್ನು ನಿಧಾನವಾಗಿಯೇ ಇಳಿಯಬೇಕು. ವಯಸ್ಸಾದವರು ಜೊತೆಗಿದ್ದರೆ ಇಲ್ಲಿ ವಿಮಾನಕ್ಕೆ ಕೊಟ್ಟ ಹಣ ಸಾರ್ಥಕ. ಮಳೆಗಾಲದಲ್ಲಿ ಮಾತ್ರ ದಿನದ ಕೊನೆಯ ವಿಮಾನಕ್ಕೆ ಟಿಕೆಟ್ ತೆಗೆಯಬೇಡಿ. ಬಜಪೆಯಲ್ಲಿ ಮೋಡ ಕವಿದು ಅದು ರದ್ದಾದರೆ, ಅಪರಾತ್ರಿಯಲ್ಲಿ ಕೆಂಗೇರಿಗೆ ಮತ್ತೆ ಅದೇ 50 ಕಿ.ಮೀ.