ಹನ್ನೊಂದು ಡೈವ್ ಆಗಿವೆ, ಮಾಲ್ಡೀವ್ಸ್‌ನ ಸೆಳೆತಕ್ಕೆ ಇಳಿಯಬಹುದೇ?

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಕಳೆದ ವರ್ಷ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಡೈವಿಂಗ್‌ನ ಓಪನ್ ವಾಟರ್ ಕೋರ್ಸ್ ಮುಗಿಸಿದೆ. ಕೋರ್ಸಿನ ನಾಲ್ಕು, ನೇತ್ರಾಣಿಯಲ್ಲೇ ಮತ್ತೆ ಮೂರು, ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ನಾಲ್ಕು, ಒಟ್ಟು ಹನ್ನೊಂದು ಡೈವ್ ಆಗಿವೆ. ಬರುವ ಫೆಬ್ರವರಿಯಲ್ಲಿ ಗೆಳೆಯರು ಮಾಲ್ಡೀವ್ಸ್‌ನಲ್ಲಿ ಒಂದು ವಾರ ಹಡಗಿನಲ್ಲೇ ಉಳಿದು ಡೈವ್ ಮಾಡಲು ಹೊರಟಿದ್ದಾರೆ. ಅಲ್ಲಿ ಸೆಳೆತ ಜೋರಂತೆ, ಶಾರ್ಕ್‌ಗಳು ಕಾಣುವುದೂ ಅಲ್ಲೇ ಅಂತೆ. ಅಡ್ವಾನ್ಸ್ಡ್ ಕೋರ್ಸನ್ನು ಹಡಗಿನಲ್ಲೇ ಮಾಡಿಸುತ್ತಾರಂತೆ. ಮೂರು ವರ್ಷದಿಂದ ಬಿ.ಪಿ.ಗೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತಿದ್ದೇನೆ. ದಿನಾ ಐದು ಕಿಲೋಮೀಟರ್ ನಡೆಯುತ್ತೇನೆ. ಹ್ಯಾವ್‌ಲಾಕ್‌ನಲ್ಲಿ ಒಂದು ಸಲ ಎದುರು ಸೆಳೆತ ಸಿಕ್ಕಿ ಏದುಸಿರು ಬಂತು, ಎಲ್ಲರಿಗಿಂತ ಮೊದಲು ನನ್ನ ಏರ್ ಮುಗಿಯಿತು, ಮೇಲೆ ಬಂದ ಮೇಲೆ ಸಂಜೆಯವರೆಗೂ ತಲೆನೋವು. ನಾನು ಸಿದ್ಧನಿದ್ದೇನೆಯೇ?
ಓದುಗರೊಬ್ಬರು, ಬೆಂಗಳೂರು

ಉತ್ತರ: ಈ ಫೆಬ್ರವರಿಗೆ ಬೇಡ. ಮೊದಲು ಇದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಡೈವಿಂಗ್ ಬಿಟ್ಟುಬಿಡಿ ಎಂದು ಖಂಡಿತ ಹೇಳುತ್ತಿಲ್ಲ. ಬಿ.ಪಿ. ಹಿಡಿತದಲ್ಲಿದ್ದು, ಹೃದಯ ಸರಿಯಾಗಿದ್ದರೆ 46 ದೊಡ್ಡ ವಯಸ್ಸೇನಲ್ಲ. ಆದರೆ ನೀವು ಕೇಳಿರುವುದು ಸೆಳೆತದ ನೀರಿನ ಬಗ್ಗೆ. ಅದರ ಲೆಕ್ಕ ಬೇರೆ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಹ್ಯಾವ್‌ಲಾಕ್‌ನ ತಲೆನೋವಿನ ಸಾಲನ್ನು. ಹೆಚ್ಚಿನವರು ಇದನ್ನು ಬಿಸಿಲಿನ ತಲೆನೋವು ಎಂದು ಮರೆತುಬಿಡುತ್ತಾರೆ. ಏದುಸಿರು ಬಂದ ಡೈವ್‌ನ ನಂತರ ತಲೆ ಸಿಡಿಯುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ರಕ್ತದಲ್ಲಿ ಸೇರಿಕೊಂಡ ಇಂಗಾಲದ ಡೈಆಕ್ಸೈಡನ್ನು. ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ಒಂದೊಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಇಪ್ಪತ್ತು ಮೀಟರಿನಲ್ಲಿ ನೀವು ಎಳೆದುಕೊಳ್ಳುವ ಗಾಳಿ ದಡದ ಗಾಳಿಗಿಂತ ಮೂರು ಪಟ್ಟು ದಟ್ಟ. ಅಂಥ ಗಾಳಿಯನ್ನು ರೆಗ್ಯುಲೇಟರ್‌ನ ಮೂಲಕ ಒಳಗೆಳೆದು ಹೊರಗೆ ದಬ್ಬುವುದೇ ಎದೆಯ ಸ್ನಾಯುಗಳಿಗೆ ಒಂದು ಕೆಲಸ. ಅದರ ಮೇಲೆ ಕಾಲು ಬಡಿದು ಸೆಳೆತಕ್ಕೆ ಎದುರಾಗಿ ಈಜಿದರೆ ದೇಹ ತಯಾರಿಸುವ ಇಂಗಾಲದ ಡೈಆಕ್ಸೈಡನ್ನು ಶ್ವಾಸಕೋಶ ಹೊರಹಾಕಲಾರದು. ಉಸಿರು ಚಿಕ್ಕದಾಗುತ್ತದೆ, ಗಾಳಿ ಸಾಲದು ಅನ್ನಿಸುತ್ತದೆ, ಎದೆ ಡವಗುಟ್ಟುತ್ತದೆ. ಸಿಲಿಂಡರ್‌ನಲ್ಲಿ ಬೇಕಾದಷ್ಟು ಏರ್ ಇದ್ದರೂ ರೆಗ್ಯುಲೇಟರ್ ಕೈಕೊಟ್ಟಿತೆಂದು ಬಾಯಿಂದ ಕಿತ್ತುಹಾಕುವವರಿದ್ದಾರೆ. ಮೇಲಕ್ಕೆ ಧಾವಿಸುವವರಿದ್ದಾರೆ. ಉಸಿರು ಬಿಗಿಹಿಡಿದು ಧಾವಿಸಿದರೆ ಒಂದೆರಡು ಮೀಟರ್ ಏರಿಕೆಯಲ್ಲೇ ಶ್ವಾಸಕೋಶ ಹರಿಯಬಹುದು.

ಇದಕ್ಕೆ ಮದ್ದು ಒಂದೇ, ನಿಲ್ಲುವುದು. ಹವಳವಿಲ್ಲದ ಬರಿ ಬಂಡೆ ಸಿಕ್ಕರೆ ಬೆರಳ ತುದಿಯಲ್ಲಿ ಹಿಡಿಯಿರಿ. ಕಾಲು ಬಡಿಯುವುದನ್ನು ಪೂರ್ತಿ ನಿಲ್ಲಿಸಿ. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಗುಳ್ಳೆ ಕೊನೆಯವರೆಗೂ ಹೋಗುವಂತೆ ಉಸಿರು ಬಿಡಿ. ನಡುವೆ ಉಸಿರು ಹಿಡಿಯಬೇಡಿ. ಏರ್ ಉಳಿಸಲೆಂದು ಉಸಿರು ಹಿಡಿದು ಹಿಡಿದು ಬಿಡುವ ಚಾಳಿ ಹೊಸಬರಲ್ಲಿ ಬಹಳ, ಆ ತಲೆನೋವಿಗೆ ಅದೂ ಕಾರಣ. ಮುಂದಿನ ಸಲ ತಲೆನೋವಿನ ಜೊತೆ ತಲೆಸುತ್ತು, ಜೋಮು, ಕೀಲುನೋವು, ವಿಪರೀತ ಸುಸ್ತು ಕಂಡರೆ ಅದು ಬೇರೆಯದೇ ಸಂಗತಿ. ಮಾತ್ರೆ ನುಂಗಿ ಮಲಗದೆ ತಕ್ಷಣ ಆಮ್ಲಜನಕ ಕೊಡಿಸಿ, ವೈದ್ಯರನ್ನು ಕಾಣಬೇಕು.

ಇನ್ನು ಏರ್ ಮುಗಿದ ವಿಷಯ. ನೀವು ಬಳಸುವ ಸಾಮಾನ್ಯ ಸಿಲಿಂಡರ್ 11 ಲೀಟರಿನದು. 200 ಬಾರ್ ತುಂಬಿದರೆ ಸುಮಾರು 2200 ಲೀಟರ್ ಗಾಳಿ. 50 ಬಾರ್ ಮುಟ್ಟದೆ ಉಳಿಸಿಕೊಂಡರೆ ಕೈಯಲ್ಲಿರುವುದು 1650. ಆರಾಮವಾಗಿ ತೇಲುವವರು ದಡದ ಲೆಕ್ಕದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾರೆ ಎಂದುಕೊಳ್ಳಿ. ಇಪ್ಪತ್ತು ಮೀಟರಿನಲ್ಲಿ ಅದು 60 ಆಗುತ್ತದೆ, ಇಪ್ಪತ್ತೇಳು ನಿಮಿಷ ಸಿಗುತ್ತದೆ. ಸೆಳೆತಕ್ಕೆ ಎದುರು ಬಡಿದಾಡುವವರಿಗೆ ದಡದ ಲೆಕ್ಕವೇ 50 ಲೀಟರ್ ದಾಟಬಹುದು. ಅದೇ ಸಿಲಿಂಡರ್ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ, ಮೂವತ್ತು ಮೀಟರಿನಲ್ಲಾದರೆ ಎಂಟೇ ನಿಮಿಷಕ್ಕೆ. ಹ್ಯಾವ್‌ಲಾಕ್‌ನಲ್ಲಿ ಎಲ್ಲರಿಗಿಂತ ಮೊದಲು ನಿಮ್ಮ ಏರ್ ಮುಗಿದದ್ದು ಹೀಗೆ.

ಮಾಲ್ಡೀವ್ಸ್‌ನಲ್ಲಿ ಹವಳದ ದಿಬ್ಬಗಳ ನಡುವೆ ಕಾಲುವೆಗಳಿವೆ. ಉಬ್ಬರದಲ್ಲಿ ಹೊರಗಡಲಿನ ತಿಳಿ ನೀರು ಅವುಗಳ ಮೂಲಕ ಒಳನುಗ್ಗುತ್ತದೆ, ಇಳಿತದಲ್ಲಿ ಹೊರಕ್ಕೆ ಸೆಳೆಯುತ್ತದೆ. ಶಾರ್ಕ್‌ಗಳು ಗುಂಪುಗೂಡುವುದು ಈ ಕಾಲುವೆಗಳ ಬಾಯಲ್ಲಿ, 25ರಿಂದ 30 ಮೀಟರ್ ಆಳದಲ್ಲಿ. ಅಲ್ಲಿನ ಕಾನೂನಿನ ಗಡಿಯೂ 30 ಮೀಟರ್. ನಿಮ್ಮ ಓಪನ್ ವಾಟರ್ ಕಾರ್ಡ್ ಹೇಳುವುದು 18. ಇಂಥ ಕಡೆ ನೇತ್ರಾಣಿಯಂತೆ ನಿಧಾನವಾಗಿ ಇಳಿಯಲು ಬಿಡುವಿರುವುದಿಲ್ಲ. ನೀರಿಗೆ ಬಿದ್ದ ಕೂಡಲೇ ಎಲ್ಲರೂ ಒಟ್ಟಿಗೆ ಕೆಳಗೆ ಹೋಗಬೇಕು, ಇಲ್ಲವಾದರೆ ಕಾಲುವೆಯ ಬಾಯಿ ತಪ್ಪಿಹೋಗುತ್ತದೆ. ಕಿವಿ ಬಿಡಿಸಿಕೊಳ್ಳಲು ನಿಮಗೆ ಎಷ್ಟು ಹೊತ್ತು ಬೇಕು ಎಂದು ನೀವು ಬರೆದಿಲ್ಲ. ಐದು ಮೀಟರಿನಲ್ಲಿ ನಿಂತು ಮೂಗು ಹಿಡಿದು ಮತ್ತೆ ಮತ್ತೆ ಊದಬೇಕಾಗುತ್ತದೆ ಎಂದಾದರೆ, ಅದೊಂದೇ ಕಾರಣಕ್ಕೂ ನನ್ನ ಉತ್ತರ ‘ಬೇಡ’ ಎಂದೇ. ಬಲವಂತ ಮಾಡಿದರೆ ಕಿವಿತಮಟೆ ಹರಿಯಬಹುದು.

ಬಿ.ಪಿ. ವಿಷಯಕ್ಕೆ ಬರೋಣ. ಕುತ್ತಿಗೆವರೆಗೆ ನೀರಲ್ಲಿ ಮುಳುಗಿದ ಕೂಡಲೇ ಕಾಲಿನ ರಕ್ತ, ಅರ್ಧ ಲೀಟರಿಗೂ ಮೀರಿ, ಎದೆಯ ಕಡೆಗೆ ಸರಿಯುತ್ತದೆ. ಡೈವ್ ಮುಗಿಯುವ ಮುಂಚೆಯೇ ಮೂತ್ರದ ಅವಸರವಾಗುವುದು ಅದಕ್ಕೇ. ತಂಪು ನೀರು ರಕ್ತನಾಳಗಳನ್ನು ಬಿಗಿಯುತ್ತದೆ. ಅದಕ್ಕೆ ಶ್ರಮ ಸೇರಿದರೆ ಹೃದಯದ ಎಡಭಾಗದಲ್ಲಿ ಒತ್ತಡ ಏರಿ, ಕೆಲವರಲ್ಲಿ ಶ್ವಾಸಕೋಶದೊಳಗೇ ನೀರು ಜಿನುಗುತ್ತದೆ. ಬಿ.ಪಿ. ಇರುವವರಲ್ಲಿ ಈ ಅಪಾಯ ಹೆಚ್ಚು. ನನಗೆ ಗೊತ್ತಿರುವ ಒಬ್ಬರು, ನಿಮ್ಮದೇ ವಯಸ್ಸು, ಸೆಳೆತದಲ್ಲಿ ಈಜುವಾಗ ಕೆಮ್ಮು ಶುರುವಾಗಿ, ಮೇಲೆ ಬಂದು ದೋಣಿಯಲ್ಲಿ ಕುಳಿತಾಗ ಟವೆಲ್‌ಗೆ ಉಗುಳಿದ್ದು ತಿಳಿಗುಲಾಬಿ ನೊರೆ. ಕುಡಿದ ಕಡಲ ನೀರು ಎಂದೇ ಅವರು ಭಾವಿಸಿದ್ದರು. ನಿಂತು ವಿಶ್ರಮಿಸಿದರೂ ತಗ್ಗದ ಉಸಿರಾಟದ ಕಷ್ಟ, ಕೆಮ್ಮು, ಎದೆಯಲ್ಲಿ ಗೊರಗೊರ ಶಬ್ದ, ಇವು ಬಂದರೆ ಆ ಡೈವ್ ಅಲ್ಲಿಗೆ ಮುಗಿಯಿತು. ನಿಧಾನವಾಗಿ ಮೇಲೆ ಬಂದು, ಮಲಗದೆ ನೆಟ್ಟಗೆ ಕುಳಿತು, ಆಮ್ಲಜನಕ ತೆಗೆದುಕೊಳ್ಳಬೇಕು. ಒಮ್ಮೆ ಹೀಗಾದವರಿಗೆ ಮತ್ತೆ ಆಗುವ ಸಂಭವ ಹೆಚ್ಚು. ಹೃದ್ರೋಗ ತಜ್ಞರು ನೋಡುವವರೆಗೂ ನೀರಿಗಿಳಿಯಬಾರದು.

ಟೆಲ್ಮಿಸಾರ್ಟಾನ್ ಬಗ್ಗೆ ನನ್ನ ತಕರಾರಿಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆಯಾಗಿದ್ದರೆ ಮಾತು ಬೇರೆ, ಅವು ಶ್ರಮದ ವೇಳೆ ಹೃದಯದ ಬಡಿತ ಏರದಂತೆ ತಡೆಯುತ್ತವೆ. ಯಾವ ಮಾತ್ರೆಯನ್ನೂ ಪ್ರವಾಸಕ್ಕೆಂದು ನೀವಾಗಿ ನಿಲ್ಲಿಸಬೇಡಿ. ಹೊರಡುವ ಎರಡು ತಿಂಗಳ ಮುಂಚಿನಿಂದ ಮನೆಯಲ್ಲಿ ಅಳೆದ ಬಿ.ಪಿ. 140/90ರ ಒಳಗೆ ನೆಲೆ ನಿಂತಿರಬೇಕು. ಎಕೋ ಮಾಡಿಸಿ. ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಮಾಡಿಸಿ. ಅದರ ವರದಿಯಲ್ಲಿ ಶ್ರಮದ ಮಟ್ಟ ಹೇಳುವ ‘ಮೆಟ್ಸ್’ ಎಂಬ ಅಂಕಿ ಇರುತ್ತದೆ. ಎದೆನೋವು, ಇಸಿಜಿ ಬದಲಾವಣೆ ಇಲ್ಲದೆ 10 ಮುಟ್ಟಿದರೆ ನನಗೆ ಸಮಾಧಾನ. ಸಮತಟ್ಟು ರಸ್ತೆಯಲ್ಲಿ ಐದು ಕಿಲೋಮೀಟರ್ ನಡೆಯುವುದು ಒಳ್ಳೆಯ ಅಭ್ಯಾಸ, ಆದರೆ ಅದು ಆ ಹತ್ತರ ಅರ್ಧವನ್ನೂ ಮುಟ್ಟುವುದಿಲ್ಲ. ವಾರಕ್ಕೆ ಮೂರು ದಿನ ಈಜಿ, ಅದರಲ್ಲಿ ಒಂದು ದಿನ ಫಿನ್ ಹಾಕಿಕೊಂಡು ದಮ್ಮು ಹತ್ತುವಷ್ಟು ಈಜಿ.

ಹಡಗಿನಲ್ಲೇ ಅಡ್ವಾನ್ಸ್ಡ್ ಕೋರ್ಸ್ ಎಂಬ ಮಾತಿಗೆ ಮರುಳಾಗಬೇಡಿ. ಅದು ಐದು ಡೈವ್‌ಗಳ ಕೋರ್ಸ್. ಓಪನ್ ವಾಟರ್ ಮುಗಿಸಿದ ಮರುದಿನವೇ ಸೇರಬಹುದು, ಅಂದರೆ ಒಂಬತ್ತು ಡೈವ್ ಆದವರ ಕೈಯಲ್ಲೂ ಅಡ್ವಾನ್ಸ್ಡ್ ಕಾರ್ಡ್ ಇರಬಹುದು. ಜವಾಬ್ದಾರಿಯುಳ್ಳ ಹಡಗಿನವರು ಇಂಥ ಕಡೆಗೆ 30, 50 ಡೈವ್ ಆಗಿರಬೇಕೆಂದು ಕೇಳುವುದು ಇದೇ ಕಾರಣಕ್ಕೆ. ಮಾಸ್ಕ್‌ಗೆ ನೀರು ನುಗ್ಗಿದಾಗ, ಸೆಳೆತ ಪಕ್ಕಕ್ಕೆ ಒಯ್ದಾಗ, ಜೊತೆಗಾರ ಕಾಣದಾದಾಗ ಕೈ ತಾನಾಗಿ ಕೆಲಸ ಮಾಡಬೇಕು. ಹನ್ನೊಂದು ಡೈವ್‌ಗೆ ಯಾರ ಕೈಯೂ ಅಷ್ಟು ಪಳಗುವುದಿಲ್ಲ.

ಹಾಗಾದರೆ ಏನು ಮಾಡುವುದು? ಮಾಲ್ಡೀವ್ಸ್‌ಗೆ ಹೋಗಲೇಬೇಕೆಂದಿದ್ದರೆ ಹಡಗು ಬೇಡ, ದ್ವೀಪವೊಂದರಲ್ಲಿ ಉಳಿದು, ದಡಕ್ಕೆ ಹತ್ತಿರದ ಶಾಂತ ನೀರಿನಲ್ಲಿ ಡೈವ್ ಮಾಡಿ. ಇಲ್ಲವೇ ಮಳೆಗಾಲ ಕಳೆದು ಮುಂದಿನ ಮಳೆ ಬರುವವರೆಗೆ ನೇತ್ರಾಣಿ, ಅಂಡಮಾನ್‌ಗಳಲ್ಲಿ ಇಪ್ಪತ್ತು ಇಪ್ಪತ್ತೈದು ಡೈವ್ ಮುಗಿಸಿ, ಅಡ್ವಾನ್ಸ್ಡ್ ಕೋರ್ಸನ್ನೂ ಅಲ್ಲೇ ಬಿಡುವಾಗಿ ಮಾಡಿ. ಸೆಳೆತದ ಮೊದಲ ಪಾಠಕ್ಕೆ ಅಷ್ಟಮಿ ನವಮಿಯ ಆಸುಪಾಸಿನ ದಿನ ಆರಿಸಿಕೊಳ್ಳಿ. ಹುಣ್ಣಿಮೆ ಅಮಾವಾಸ್ಯೆಗೆ ಉಬ್ಬರ ಇಳಿತ ಜೋರು, ಸೆಳೆತವೂ ಜೋರು ಎಂಬುದು ನಮ್ಮ ಕರಾವಳಿಯ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೆಳೆಯರ ಮುಂದೆ ‘ಇವತ್ತು ನಾನು ಇಳಿಯುವುದಿಲ್ಲ’ ಎನ್ನಲು ಸಂಕೋಚಪಡುವವರನ್ನು ನಾನು ಯಾವ ಪರೀಕ್ಷೆಯ ವರದಿ ನೋಡಿಯೂ ಫಿಟ್ ಎನ್ನಲಾರೆ. ದಯವಿಟ್ಟು ಈ ಸಲ ಆ ಮಾತು ಹೇಳಿ.

ಪ್ರಶ್ನೆ: ಮಗಳಿಗೆ 22. ಕಾಲೇಜಿನ ಗೆಳತಿಯರ ಜೊತೆ ನೇತ್ರಾಣಿಗೆ ಸ್ಕೂಬಾಕ್ಕೆ ಹೋಗುತ್ತಾಳಂತೆ. ಚಿಕ್ಕವಳಿದ್ದಾಗ ಉಬ್ಬಸವಿತ್ತು, ಚಳಿಗಾಲದಲ್ಲಿ ಈಗಲೂ ಇನ್‌ಹೇಲರ್ ಬೇಕಾಗುತ್ತದೆ. ಫಾರ್ಮ್‌ನಲ್ಲಿ ಬರೆದರೆ ಬಿಡುವುದಿಲ್ಲವಂತೆ, ಬರೆಯುವುದಿಲ್ಲ ಎನ್ನುತ್ತಾಳೆ.
ತಾಯಿಯೊಬ್ಬರು, ಉಡುಪಿ

ಉತ್ತರ: ತಾಯಿ, ಬರೆಯಲೇಬೇಕು. ಸಿಲಿಂಡರ್‌ನ ಗಾಳಿ ಒಣ ಗಾಳಿ, ತಣ್ಣಗಿರುತ್ತದೆ, ಉಬ್ಬಸ ಕೆರಳಿಸಲು ಅಷ್ಟು ಸಾಕು. ಬಿಗಿದ ಶ್ವಾಸನಾಳದ ಹಿಂದೆ ಸಿಕ್ಕಿಬಿದ್ದ ಗಾಳಿ ಮೇಲೆ ಬರುವಾಗ ಹಿಗ್ಗಿ ಶ್ವಾಸಕೋಶವನ್ನು ಹರಿಯಬಹುದು. ಹತ್ತು ಮೀಟರಿನಿಂದ ಮೇಲೆ ಬರುವಷ್ಟರಲ್ಲಿ ಅದರ ಗಾತ್ರ ಎರಡು ಪಟ್ಟಾಗುತ್ತದೆ. ಚಳಿಗೆ ಅಥವಾ ಓಡಿದರೆ ಉಬ್ಬಸ ಬರುವವರು ಡೈವ್ ಮಾಡಬಾರದು. ಹಾಗಿಲ್ಲದಿದ್ದರೆ ಶ್ವಾಸಕೋಶ ತಜ್ಞರಲ್ಲಿ ವ್ಯಾಯಾಮದ ಮೊದಲು, ನಂತರ ಸ್ಪೈರೋಮೆಟ್ರಿ ಮಾಡಿಸಿ ತೀರ್ಮಾನಿಸಬಹುದು. ಫಾರ್ಮ್‌ನಲ್ಲಿ ‘ಹೌದು’ ಎಂದು ಬರೆದರೆ ವೈದ್ಯರ ಸಹಿ ಕೇಳುತ್ತಾರೆ, ಅಷ್ಟೇ. ತಜ್ಞರ ಬಳಿ ಹೋಗುವಾಗ ಮಗಳ ಹಳೆಯ ಔಷಧ ಚೀಟಿಗಳನ್ನೂ ಇನ್‌ಹೇಲರನ್ನೂ ಜೊತೆಗೆ ಒಯ್ಯಿರಿ.