ಉಪ್ಪು, ಸಕ್ಕರೆ, ನೀರು

ಮಗುವಿಗೆ ಭೇದಿಯಾದಾಗ ಕುಡಿಯಲು ನೀರು ಕೊಡಬಾರದೆಂಬ ನಂಬಿಕೆ ಕೆಲವು ಮನೆಗಳಲ್ಲಿ ಇಂದಿಗೂ ಉಳಿದಿದೆ. ಕುಡಿದ ನೀರೆಲ್ಲ ಹೊರಗೇ ಹೋಗುವುದರಿಂದ, ನೀರನ್ನು ತಡೆದರೆ ಭೇದಿಯೂ ನಿಲ್ಲುವುದೆಂದು ಜನ ಎಣಿಸುತ್ತಾರೆ. ಈ ಎಣಿಕೆ ಮೇಲ್ನೋಟಕ್ಕೆ ಸರಿಯೆಂದು ತೋರಿದರೂ ಪ್ರಾಣಕ್ಕೆ ಅಪಾಯವನ್ನು ತರುವಂಥದು.

ವಯಸ್ಕರ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 60 ಭಾಗ ನೀರೇ ಆಗಿದೆ. ಎಳೆಯ ಮಕ್ಕಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಭೇದಿಯಾದಾಗ ನೀರಿನೊಂದಿಗೆ ಲವಣಗಳೂ ನಷ್ಟವಾಗುತ್ತವೆ. ನಾಲಗೆ ಒಣಗುತ್ತದೆ, ಕಣ್ಣುಗಳು ಗುಳಿಬೀಳುತ್ತವೆ, ಮೂತ್ರ ಕಡಿಮೆಯಾಗುತ್ತದೆ. ಈ ಸ್ಥಿತಿಗೆ ನಿರ್ಜಲೀಕರಣವೆಂದು ಹೆಸರು. ಇದು ಮಿತಿಮೀರಿದರೆ ರಕ್ತದ ಪರಿಮಾಣ ಕುಗ್ಗಿ ಸಾವು ಸಂಭವಿಸಬಹುದು.

ಹಾಗಾದರೆ ಬರಿಯ ನೀರನ್ನು ಕುಡಿಸಿದರೆ ಸಾಲದೆ? ಸಾಲದು. ಕರುಳಿನ ಗೋಡೆಯ ಮೂಲಕ ಸೋಡಿಯಂ ಒಳಸೇರಿದಾಗ ನೀರು ಅದನ್ನು ಹಿಂಬಾಲಿಸುತ್ತದೆ. ಕಾಲರಾದಂತಹ ರೋಗದಲ್ಲಿ ಉಪ್ಪನ್ನು ಹೀರುವ ಸಾಮಾನ್ಯ ಮಾರ್ಗ ಕುಂಠಿತವಾಗಿರುತ್ತದೆ. ಆದರೆ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಗೂಡಿ ಪ್ರವೇಶಿಸುವ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ. ಈ ಜೋಡಿ ಸಾಗಣೆಯನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ವಿವರಿಸಿದರು. ಸಕ್ಕರೆಯನ್ನು ಬೆರೆಸುವುದು ರುಚಿಗಾಗಿ ಅಲ್ಲ. ಅದರಿಂದ ದೊರೆಯುವ ಗ್ಲೂಕೋಸ್ ಉಪ್ಪನ್ನೂ ನೀರನ್ನೂ ಒಳಗೆ ಕರೆದೊಯ್ಯುತ್ತದೆ.

1971ರಲ್ಲಿ ಈ ತತ್ತ್ವದ ಕಠಿಣ ಪರೀಕ್ಷೆ ನಡೆಯಿತು. ಬಾಂಗ್ಲಾದೇಶದ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದ ನಿರಾಶ್ರಿತರಲ್ಲಿ ಕಾಲರಾ ಹರಡಿತು. ರಕ್ತನಾಳದ ಮೂಲಕ ಕೊಡಬೇಕಾದ ಲವಣದ್ರಾವಣ ಸಾಕಾಗಲಿಲ್ಲ. ವೈದ್ಯ ದಿಲೀಪ್ ಮಹಲನಬಿಸ್ ಅವರು ಉಪ್ಪು, ಅಡಿಗೆಸೋಡಾ, ಗ್ಲೂಕೋಸ್‌ಗಳನ್ನು ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸುವ ಏರ್ಪಾಡು ಮಾಡಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಮರಣಪ್ರಮಾಣ 4ಕ್ಕಿಂತ ಕೆಳಗಿಳಿಯಿತು. 1978ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭೇದಿರೋಗಗಳ ನಿಯಂತ್ರಣಕ್ಕಾಗಿ ಕಾರ್ಯಕ್ರಮವನ್ನು ಆರಂಭಿಸಿ ಈ ಚಿಕಿತ್ಸೆಯನ್ನು ಲೋಕದಲ್ಲೆಲ್ಲ ಪ್ರಚುರಪಡಿಸಿತು.

ಆರೋಗ್ಯ ಕೇಂದ್ರದಲ್ಲಿ ದೊರೆಯುವ ಪೊಟ್ಟಣವೇ ಉತ್ತಮ. ಅದು ಸಿಗದಿದ್ದಾಗ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಟೀಚಮಚ ಸಕ್ಕರೆ ಮತ್ತು ಅರ್ಧ ಟೀಚಮಚ ಉಪ್ಪನ್ನು ಬೆರೆಸಬೇಕು. ಈ ಅಳತೆ ತಪ್ಪಬಾರದು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಸಕ್ಕರೆ ಹೆಚ್ಚಾದರೆ ಭೇದಿಯೇ ಹೆಚ್ಚೀತು. ಮಗು ವಾಂತಿ ಮಾಡಿದರೆ 10 ನಿಮಿಷ ತಡೆದು, ಮತ್ತೆ ಚಮಚದಿಂದ ನಿಧಾನವಾಗಿ ಕುಡಿಸಬೇಕು. ಎದೆಹಾಲನ್ನು ನಿಲ್ಲಿಸಬಾರದು. ಮಗು ಕುಡಿಯಲಾರದಷ್ಟು ಬಳಲಿದ್ದರೆ, ಅಥವಾ ಮಲದಲ್ಲಿ ರಕ್ತ ಕಂಡರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಈ ದ್ರಾವಣವನ್ನು ಕುಡಿಸಿದೊಡನೆ ಭೇದಿ ನಿಲ್ಲುವುದಿಲ್ಲ. ಅದನ್ನು ಕಂಡು ಅನೇಕರು ನಿರಾಶರಾಗಿ ಕುಡಿಸುವುದನ್ನೇ ಬಿಟ್ಟುಬಿಡುತ್ತಾರೆ. ಭೇದಿಯನ್ನು ತಡೆಯುವುದು ಇದರ ಕೆಲಸವಲ್ಲ. ಕಳೆದುಹೋದ ನೀರನ್ನೂ ಲವಣವನ್ನೂ ದೇಹಕ್ಕೆ ಮರಳಿಸುವುದೇ ಇದರ ಕೆಲಸ. ಆದುದರಿಂದ ಭೇದಿ ನಿಲ್ಲುವವರೆಗೂ ಕುಡಿಸುತ್ತಲೇ ಇರಬೇಕು.